ಪುಣ್ಯ ಬರುತ್ತೆ ಅಂತಾರೆ, ನಿದ್ದೆ ಮಾತ್ರ ಬರ್ತಿಲ್ಲ

ದಾವಣಗೆರೆ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬೇರೆಯವರು ಬರೆದದ್ದನ್ನ ಓದ್ತಾ ಇದ್ದೆ ಅಷ್ಟೆ. ಇವತ್ತು ನಾನೇ ಕೇಳ್ತಿದೀನಿ. ಉದ್ದ ಆಗುತ್ತೆ, ಸೈರಿಸಿಕೊಳ್ಳಿ.

ನಮ್ಮ ಅತ್ತೆಗೆ ಎಪ್ಪತ್ತೆಂಟು. ಅಲ್ಜೈಮರ್, ಮರೆವಿನ ಕಾಯಿಲೆ, ಅಂತ ನರರೋಗದ ಡಾಕ್ಟ್ರು ಹೇಳಿ ಮೂರು ವರ್ಷ ಆಗ್ತಾ ಬಂತು. ಗುಳಿಗೆ ನಡೀತಿದೆ. ಮನೇಲಿ ನಾನು, ಯಜಮಾನ್ರು, ಅತ್ತೆ. ಮಗಳು ಬೆಂಗಳೂರಲ್ಲಿ ಓದ್ತಾಳೆ. ಯಜಮಾನ್ರದ್ದು ಹಾರ್ಡ್‌ವೇರ್ ಅಂಗಡಿ, ಬೆಳಿಗ್ಗೆ ಹೋದರೆ ರಾತ್ರಿ ಬಾಗಿಲು ಹಾಕಿಯೇ ಬರೋದು. ನಾನು ಒಂದು ಖಾಸಗಿ ಶಾಲೇಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಹಾಲಿಟ್ಟು ಗ್ಯಾಸ್ ಹಚ್ಚಿ ಹಾಗೇ ಬೀದಿಗೆ ಹೋಗಿಬಿಟ್ಟಿದ್ದರು. ಆಮೇಲೆ ಕೆಲಸ ಬಿಟ್ಟೆ. ಬಿಡಬೇಕಾ ಅಂತ ಯಾರೂ ನನ್ನ ಕೇಳಲಿಲ್ಲ. ಬಿಡೋಳು ಇವಳೇ ಅಂತ ಮನೇಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು ಅನ್ಸುತ್ತೆ.

ಬೆಳಗಿನ ಹೊತ್ತು ಹೇಗೋ ಆಗುತ್ತೆ. ಸ್ನಾನಕ್ಕೆ ಕರ್ಕೊಂಡು ಹೋಗೋವಾಗ ಒಂದಿಷ್ಟು ಜಗಳ, ಅಷ್ಟೆ. ಸಂಜೆ ಐದೂವರೆ ಆಗ್ತಿದ್ದ ಹಾಗೆ ಶುರು. ಟವೆಲ್ ಹಾಸ್ತಾರೆ. ಅದರಲ್ಲಿ ಒಂದು ಸೀರೆ, ಬಾಚಣಿಗೆ, ಕನ್ನಡಕದ ಡಬ್ಬಿ, ಒಂದೊಂದು ದಿನ ಟೀವಿ ರಿಮೋಟು, ಎಲ್ಲ ಇಟ್ಟು ಗಂಟು ಕಟ್ತಾರೆ. ಗಂಟನ್ನ ಕಂಕುಳಲ್ಲಿ ಒತ್ತಿಟ್ಕೊಂಡು ವರಾಂಡದ ಗ್ರಿಲ್ ಹಿಡಿದು ನಿಲ್ಲೋದು. "ಹೊನ್ನಾಳಿ ಬಸ್ಸು ಹೋಗಿಬಿಡ್ತತಿ, ಎಮ್ಮಿ ಕರೀಬೇಕು, ಬಾಗ್ಲು ತೆಗಿ." ಹೊನ್ನಾಳಿ ಕಡೆ ಅವರ ತವರು. ಅಲ್ಲಿ ಈಗ ಎಮ್ಮೆಯೂ ಇಲ್ಲ, ಮನೆಯೂ ಇಲ್ಲ, ಭಾಗ ಆದಾಗಲೇ ಮಾರಿದ್ದು. ಇದೇ ನಿಮ್ಮನೆ ಅತ್ತೆ ಅಂದರೆ, "ಯಾರಮ್ಮ ನೀನು, ಯಾರ ಮಗಳು?" ಅಂತಾರೆ. ಎಂಟು ಗಂಟೆವರೆಗೂ ಇದೇ. ನನ್ನ ಬಳೆ ಇವಳು ಕದ್ದಿದಾಳೆ ಅಂತ ಎದುರುಮನೆಯವರಿಗೆ ಹೇಳಿದ್ದಾರೆ. ಅವರು ನಂಬಲ್ಲ ಬಿಡಿ, ಆದರೆ ಕೇಳಿಸ್ಕೊಂಡು ಸುಮ್ಮನೆ ಕೂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಇಪ್ಪತ್ತಾರು ವರ್ಷದಿಂದ ಈ ಮನೇಲಿ ಇದೀನಿ.

ಇನ್ನು ನಾದಿನಿ. ಹೈದರಾಬಾದಲ್ಲಿದ್ದಾರೆ. ಭಾನುವಾರ ಭಾನುವಾರ ಫೋನ್ ಮಾಡ್ತಾರೆ. ಆಗ ನೋಡಬೇಕು ನೀವು! ಅತ್ತೆ ಹತ್ತು ನಿಮಿಷ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂದರೆ. "ಆರಾಮಿದೀನಿ ಕಣವ್ವ, ಮಕ್ಳು ಚೆನ್ನಾಗಿದಾರಾ, ಊಟ ಆಯ್ತಾ." ಫೋನ್ ಇಟ್ಟ ಮೇಲೆ ಯಾರು ಮಾತಾಡಿದ್ದು ಅಂದರೆ ಗೊತ್ತಿಲ್ಲ. ಆಮೇಲೆ ನಾದಿನಿ ನನಗೆ, "ಅಮ್ಮ ಸರಿಯಾಗೇ ಇದಾರಲ್ಲ ಅತ್ತಿಗೆ, ನೀವೇ ಸುಮ್ನೆ ಟೆನ್ಷನ್ ಮಾಡ್ಕೊಳ್ತೀರ" ಅಂತಾರೆ.

ನನ್ನ ಪ್ರಶ್ನೆ ಅತ್ತೆ ಬಗ್ಗೆ ಅಲ್ಲ, ನನ್ನ ಬಗ್ಗೆ. ರಾತ್ರಿ ಚಿಲಕದ ಸದ್ದಿಗೆ ಕಿವಿ ಇಟ್ಕೊಂಡೇ ಮಲಗ್ತೀನಿ. ಸದ್ದಾಗದೇ ಇದ್ದರೂ ಎಚ್ಚರ ಆಗುತ್ತೆ, ಎದೆ ಹೊಡ್ಕೊಳ್ಳುತ್ತೆ. ಮೊದಲು ಕುಂದವಾಡ ಕೆರೆ ಏರಿ ಮೇಲೆ ಗೆಳತಿಯರ ಜೊತೆ ವಾಕಿಂಗ್ ಹೋಗ್ತಿದ್ದೆ. ಈಗ ಅವರು ಗ್ರೂಪಲ್ಲಿ ಫೋಟೋ ಹಾಕಿದರೆ ನೋಡೋಕೂ ಸಿಟ್ಟು. ತಂಗಿ ಮನೆ ಗೃಹಪ್ರವೇಶಕ್ಕೆ ಹೋಗಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ಒಂದೊಂದು ದಿನ "ಇದು ಯಾವಾಗ ಮುಗಿಯುತ್ತೆ" ಅಂತ ಅನ್ನಿಸುತ್ತೆ. ಮುಗಿಯೋದು ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆಮೇಲೆ ಅವರೇ ಊಟದ ತಟ್ಟೆ ನನ್ನ ಕಡೆ ತಳ್ಳಿ "ನೀನೂ ಉಣ್ಣವ್ವ" ಅಂದರೆ ನನ್ನ ಮೇಲೇ ನನಗೆ ಅಸಹ್ಯ ಆಗುತ್ತೆ.

ಯಾರಿಗಾದರೂ ಹೇಳೋಣ ಅಂದರೆ ಬಾಯಿ ತೆರೆಯೋಕೆ ಮುಂಚೇನೇ "ಅತ್ತೆ ಸೇವೆ ಮಾಡ್ತಿದೀಯ, ಪುಣ್ಯಾತಗಿತ್ತಿ ಕಣೆ ನೀನು, ನಿನ್ನ ಮಕ್ಕಳಿಗೆ ಒಳ್ಳೇದಾಗುತ್ತೆ" ಅಂತ ಶುರು ಮಾಡ್ತಾರೆ. ಅಲ್ಲಿಗೆ ಮುಗೀತು. ಪುಣ್ಯಾತಗಿತ್ತಿ ಅನ್ನಿಸ್ಕೊಂಡ ಮೇಲೆ ಸಾಕಾಗಿದೆ ಅಂತ ಹೇಗೆ ಹೇಳೋದು?

ಮನಸ್ಸಿನ ಡಾಕ್ಟ್ರ ಹತ್ತಿರ ನಾನು ಹೋಗಬೇಕಾ? ಹುಚ್ಚು ಅಂದ್ಕೊಳ್ಳಲ್ವಾ? ಇಂಥ ಪರಿಸ್ಥಿತೀಲಿ ಇದ್ದವರು ಹೇಗೆ ದಾಟಿದಿರಿ ಹೇಳಿ.

ಮೈಸೂರು ನಿವೃತ್ತ ಬರೆದದ್ದು:

ತಾಯಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾನು ಬ್ಯಾಂಕಿನಲ್ಲಿದ್ದವನು. ನಿವೃತ್ತಿಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಕಾಶಿ, ಬದರಿ ಅಂತ ಓಡಾಡಬೇಕೆಂದಿದ್ದೆ. ಅವಳಿಗೆ ಇದೇ ಕಾಯಿಲೆ ಬಂತು. ಐದಾರು ವರ್ಷ ನಾನೇ ನೋಡಿಕೊಂಡೆ. ಈಗ ಅವಳಿಲ್ಲ.

ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ. ನಿಮಗೆ ಹುಚ್ಚಲ್ಲ. ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ದಿನ ಸಮಾಜ ಕಾರ್ಯಕರ್ತೆಯೊಬ್ಬರು ಒಂದು ಫಾರಂ ಕೊಟ್ಟರು. ಹೆಂಡತಿಯದ್ದು ಅಂದುಕೊಂಡು ಜೇಬಿನಿಂದ ಪೆನ್ನು ತೆಗೆದೆ. "ಇದು ನಿಮ್ಮದು ಸಾರ್" ಅಂದರು. ಒಟ್ಟು 22 ಪ್ರಶ್ನೆ. ಅವರ ಹತ್ತಿರ ಇದ್ದಾಗ ನಿಮಗೆ ಸಿಟ್ಟು ಬರುತ್ತದೆಯೇ? ಇವರನ್ನು ನೋಡಿಕೊಳ್ಳುವುದರಿಂದ ನಿಮಗೋಸ್ಕರ ಸಮಯ ಸಿಗುತ್ತಿಲ್ಲ ಅನಿಸುತ್ತದೆಯೇ? ಈ ಜವಾಬ್ದಾರಿಯನ್ನು ಬೇರೆಯವರಿಗೆ ಬಿಟ್ಟುಬಿಡೋಣ ಅನಿಸಿದೆಯೇ? ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಿತ್ತು ಅನಿಸುತ್ತದೆಯೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ಆಮೇಲೆ ತಿಳಿಯಿತು, ಅಮೆರಿಕದ ಸ್ಟೀವನ್ ಝರಿಟ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ ಜೊತೆಗಾರರೊಂದಿಗೆ 1980ರಲ್ಲಿ ಮೊದಲು ಮಾಡಿದ ಪ್ರಶ್ನಾವಳಿ ಇದು, ಈಗ ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ.

ನನಗೆ ಅಂಕ ಎಷ್ಟು ಬಂತು ಅನ್ನುವುದು ಇರಲಿ. ರಾತ್ರಿ ನಾನೊಬ್ಬನೇ ಯೋಚಿಸುತ್ತಿದ್ದೇನೆ, ನಾನೊಬ್ಬನೇ ಪಾಪಿ ಅಂದುಕೊಂಡಿದ್ದ ವಿಚಾರಗಳನ್ನು ಯಾರೋ ನಲವತ್ತು ವರ್ಷದ ಹಿಂದೆಯೇ ಅಚ್ಚು ಹಾಕಿಸಿ ಇಟ್ಟಿದ್ದಾರೆ! ಲಕ್ಷಾಂತರ ಜನಕ್ಕೆ ಬಾರದ ಯೋಚನೆಯನ್ನು ಯಾರಾದರೂ ಫಾರಂನಲ್ಲಿ ಹಾಕುತ್ತಾರಾ? ನಿಮ್ಮ "ಯಾವಾಗ ಮುಗಿಯುತ್ತೆ" ಕೂಡ ಅದೇ ಜಾತಿಯದ್ದು. ಅದು ಅತ್ತೆಯ ಸಾವು ಬಯಸುವುದಲ್ಲ, ನಿಮಗೆ ವಿಶ್ರಾಂತಿ ಬೇಕು ಅಂತ ಮೈ ಕೇಳುತ್ತಿರುವುದು. ನೀವು ಊಟದ ತಟ್ಟೆ ನೋಡಿ ಕರಗುವವರು. ಸಾವು ಬಯಸುವವರು ಹಾಗೆ ಕರಗುವುದಿಲ್ಲ.

ಪುಣ್ಯದ ಮಾತು. ನನಗೆ ಇನ್ನೊಂದು ಥರ ಬರುತ್ತಿತ್ತು. "ಗಂಡಸಾಗಿ ಇಷ್ಟೆಲ್ಲ ಮಾಡ್ತೀರಲ್ಲ, ದೇವರಂಥವರು" ಅಂತ. ದೇವರನ್ನು ಯಾರೂ ಕಾಫಿಗೆ ಕರೆಯುವುದಿಲ್ಲ ನೋಡಿ. ಹೊಗಳಿ, ಕೈ ಮುಗಿದು, ಚಪ್ಪಲಿ ಹಾಕಿಕೊಂಡು ಹೊರಡುವುದು. ಹೊಗಳುವವರಿಗೆ ಅದರಿಂದ ಒಂದು ಅನುಕೂಲ ಇದೆ: ಹೊಗಳಿಬಿಟ್ಟರೆ ಅವರ ಪಾಲಿನ ಕೆಲಸ ಮುಗಿಯಿತು. ಅದಕ್ಕೆ ನಾನೊಂದು ದಾರಿ ಹಿಡಿದೆ. ಬಾಗಿಲಲ್ಲಿ ನಿಂತು "ಏನಾದರೂ ಬೇಕಿದ್ದರೆ ಹೇಳಿ" ಅಂದವರಿಗೆಲ್ಲ ಅಲ್ಲೇ ಒಂದು ಕೆಲಸ ಹೇಳಿಬಿಡುವುದು. ದೊಡ್ಡದಲ್ಲ. ಸಾಲ ಮಂಜೂರು ಮಾಡುತ್ತಿದ್ದವನಿಗೆ ಒಂದು ಗೊತ್ತು, ಒಟ್ಟು ಮೊತ್ತ ನೋಡಿ ಹೆದರುವವನೂ ತಿಂಗಳ ಕಂತು ಚಿಕ್ಕದಾದರೆ ಸಹಿ ಹಾಕುತ್ತಾನೆ. "ಸ್ವಲ್ಪ ಸಹಾಯ ಮಾಡಿ" ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. "ಗುರುವಾರ ನಾಲ್ಕರಿಂದ ಏಳರವರೆಗೆ ಬಂದು ಕೂತಿರಿ" ಅಂದರೆ ನನ್ನ ನಾದಿನಿ, ಹೆಂಡತಿಯ ತಂಗಿ, ಒಪ್ಪಿದಳು. ಪಕ್ಕದ ಮನೆಯ ಹುಡುಗ ಮೆಡಿಕಲ್ಸ್‌ನಿಂದ ಮಾತ್ರೆ ತರಲು ಒಪ್ಪಿದ. ಷಡ್ಡಕ ಅಮಾವಾಸ್ಯೆ ಹುಣ್ಣಿಮೆ ಬಿಟ್ಟು ಬರುತ್ತಿರಲಿಲ್ಲ, ಅವನಿಗೆ ಕರೆಂಟು ಬಿಲ್ಲು, ನೀರಿನ ಬಿಲ್ಲು ವಹಿಸಿದೆ.

ಗುರುವಾರ ನಾಲ್ಕಕ್ಕೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೆ? ಕ್ಷೌರಕ್ಕೆ, ಅಗ್ರಹಾರದ ಕಡೆ ಒಂದು ಹೋಟೆಲಿಗೆ, ಕೆಲವು ಸಲ ಸುಮ್ಮನೆ ಕುಕ್ಕರಹಳ್ಳಿ ಕೆರೆ ಬೆಂಚಿಗೆ. ಮೊದಲ ಎರಡು ಮೂರು ವಾರ ಅಲ್ಲಿ ಕೂತು ಮನೆಗೆ ಫೋನ್ ಮಾಡುವುದೇ ಆಯಿತು. ನಾದಿನಿ ಬೈದಳು, "ಭಾವ, ಫೋನ್ ಮಾಡೋದಾದರೆ ಮನೇಲೇ ಇರಿ." ಆಮೇಲೆ ನಿಲ್ಲಿಸಿದೆ. ಬಿಡುವು ಸಿಕ್ಕಾಗ ತಗೊಳ್ಳುತ್ತೇನೆ ಅಂದರೆ ಸಿಗುವುದೇ ಇಲ್ಲ ತಾಯಿ. ದಿನ, ಗಂಟೆ ಗೊತ್ತು ಮಾಡಿ. ಯಜಮಾನರ ಅಂಗಡಿಗೆ ವಾರದ ರಜೆ ಇದೆಯಲ್ಲ, ಆ ಸಂಜೆ ಐದರಿಂದ ಎಂಟು ಅವರದ್ದು. ಐದೂವರೆಯ ಗಂಟು ಅವರೂ ನೋಡಲಿ.

ಒಂದು ಅಡ್ಡ ಮಾತು, ಹಳೇ ಚಾಳಿ. ನಿಮ್ಮ ಯಜಮಾನರು ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾದರೆ ಕೆಲವು ಕಾಯಿಲೆಗಳ ಚಿಕಿತ್ಸೆಯ ಖರ್ಚಿಗೆ ಆದಾಯ ತೆರಿಗೆಯಲ್ಲಿ ಕಡಿತ ಇದೆ, 1961ರ ಕಾಯ್ದೆಯಲ್ಲಿ ಅದು 80ಡಿಡಿಬಿ ಅನ್ನುವ ಸೆಕ್ಷನ್. ಡಿಮೆನ್ಶಿಯಾ, ಅಂದರೆ ಅಲ್ಜೈಮರ್ ಥರದ ಮರೆವಿನ ಕಾಯಿಲೆ, ಆ ಪಟ್ಟಿಯಲ್ಲಿದೆ. ನರರೋಗ ತಜ್ಞರ ಪ್ರಿಸ್ಕ್ರಿಪ್ಷನ್ ಬೇಕು. ಹಿರಿಯ ನಾಗರಿಕರ ಚಿಕಿತ್ಸೆಯ ಖರ್ಚಿಗೆ 1 ಲಕ್ಷದವರೆಗೆ ಕಡಿತ. ಆಡಿಟರನ್ನು ಕೇಳಿ. ಉಳಿದ ದುಡ್ಡಲ್ಲಿ ಸಂಜೆ ಹೊತ್ತಿಗೆ ಒಬ್ಬ ಹೆಂಗಸನ್ನು ನೇಮಿಸಿಕೊಳ್ಳಿ.

ಹಳೇ ಮೈಸೂರ ಹುಡುಗ ಬರೆದದ್ದು:

ಬೇಜಾರು ಮಾಡ್ಕೋಬೇಡಿ ಮೇಡಂ, ಆದ್ರೂ ಹೇಳ್ತೀನಿ. ನಮ್ಮಜ್ಜಿ ಮುತ್ತಜ್ಜೀನ ಹಾಸಿಗೆ ಹಿಡಿದಾಗಿಂದ ನೋಡ್ಕೊಂಡ್ರು, ಜೊತೆಗೆ ಏಳು ಮಕ್ಕಳು, ದನ, ಹೊಲ. ಒಂದಿನ ಸಾಕಾಯ್ತು ಅಂದವರಲ್ಲ. ಡಿಪ್ರೆಶನ್ನು, ಕೌನ್ಸೆಲಿಂಗು ಎಲ್ಲ ಈಗ ಬಂದಿರೋದು. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲ ಆಗುತ್ತೆ.

ಧಾರವಾಡದಾಕಿ ಬರೆದದ್ದು:

ತಮ್ಮಾ, ನಿಮ್ಮ ಅಜ್ಜಿ ಸಾಕಾತು ಅಂದಿದ್ರೂ ನಿನಗ ಹೇಳತಿದ್ರೇನು? ನೀ ಆಗ ಹುಟ್ಟಿದ್ದಿಲ್ಲ.

ಇನ್ನೊಂದು ಲೆಕ್ಕ ಹಾಕು. ಆಗ ಆ ಮನಿಯೊಳಗ ಎಷ್ಟು ಮಂದಿ ಇದ್ರು? ಅತ್ತಿ, ನೆಗೆಣ್ಣಿ, ನಾದಿನಿ, ಓಣಿ ಮಂದಿ. ಮುದುಕಿ ಅಂಗಳ ದಾಟಿ ಹ್ವಾದ್ರ ಊರ ತುಂಬ ಹಿಡದು ತರೋ ಕೈ ಇದ್ವು. ಈ ಟೀಚರಕ್ಕಗ ಏನೈತಿ? ಒಂದು ಗ್ರಿಲ್ಲು, ಒಂದು ಚಿಲಕ. ಹಗಲೆಲ್ಲ ಒಬ್ಬಾಕಿ. ನಿಮ್ಮ ಮುತ್ತಜ್ಜಿ ಹಾಸಿಗಿ ಹಿಡದಿದ್ರು, ಎದ್ದು ಬಸ್ಸಿಗೆ ಹೊಂಟಿದ್ದಿಲ್ಲ. ಹಾಸಿಗಿ ಹಿಡದವ್ರನ್ನ ನೋಡಿಕೊಳ್ಳೂದೂ ಕಷ್ಟನ, ಅದಲ್ಲ ಅನ್ನೂದಿಲ್ಲ. ಆದ್ರ ಗುರ್ತನ ಮರತವ್ರನ್ನ ನೋಡಿಕೊಳ್ಳೂದು ಬ್ಯಾರೆ. ಸೇವಾ ಮಾಡಿದ ಕೈಯನ್ನ ಕಳ್ಳರ ಕೈ ಅಂತಾರಲ್ಲ, ಅದನ್ನ ನಾ ಉಂಡೇನಿ. ನಮ್ಮ ಅಪ್ಪ ನನ್ನ ಹೆಸರು ಹಿಡದು ಪೊಲೀಸರಿಗೆ ಫೋನ್ ಹಚ್ಚಿದ್ರು. ಸ್ಟೇಶನ್ನಿಂದ ಬಂದ ಪಿಸಿ ಪಾಪ ಛಾ ಕುಡದು, ಅಪ್ಪಗ ನಮಸ್ಕಾರ ಮಾಡಿ, "ಕಳ್ಳರನ್ನ ಹಿಡದೇವ್ರೀ ಅಜ್ಜಾರ" ಅಂತ ಹೇಳಿ ಹ್ವಾದಾ. ಅವತ್ತು ಅಪ್ಪ ಆರಾಮ ಮಕ್ಕೊಂಡ್ರು. ನಾ ಮಕ್ಕೊಳ್ಳಿಲ್ಲ.

ಟೀಚರಕ್ಕಾರ, ನನಗ ಅನುಕೂಲ ಆದದ್ದು ಒಂದ ಹೇಳತೇನಿ. ನನ್ನಂಥಾಕಿ ಇನ್ನೊಬ್ಬಾಕಿ ಸಿಕ್ಕಳು. ಆಕಿ ಅತ್ತಿಗೂ ಇದ ಜಡ್ಡು. ದವಾಖಾನಿ ಸಾಲಿನ್ಯಾಗ ಕುಂತಾಗ ಪರಿಚಯ. ರಾತ್ರಿ ಹತ್ತಕ್ಕ ಫೋನ್ ಮಾಡಿ ಇಬ್ಬರೂ ಇವತ್ತು ಏನೇನಾತು ಅಂತ ಹೇಳಿ ಹೊಟ್ಟಿ ಹುಣ್ಣಾಗೂ ಹಂಗ ನಗತಿದ್ವಿ. ಹೊರಗಿನವ್ರು ಕೇಳಿದ್ರ ಏನ್ ಕ್ರೂರಿಗಳಪಾ ಇವ್ರು ಅಂತಿದ್ರು. ಅನ್ನಲಿ. ಆಕಿ ಒಂದಿನಾನೂ ನನಗ ಪುಣ್ಯ ಬರತೈತಿ ಅನ್ನಲಿಲ್ಲ. ನೀವೂ ಹಂಗ ಒಬ್ಬಾಕಿನ್ನ ಹುಡಕ್ರಿ.

ಉಡುಪಿ ಸಿಸ್ಟರ್ ಬರೆದದ್ದು:

ನಾನು ನರ್ಸ್. ಈಗ ವಯಸ್ಸಾದವರ ವಾರ್ಡಿನಲ್ಲಿ ಇದ್ದೇನೆ, ಮುಂಚೆ ಮನೆ ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ನಾವು ಎಂಟು ಗಂಟೆ ಡ್ಯೂಟಿ ಮಾಡಿ ಮನೆಗೆ ಹೋಗುತ್ತೇವೆ, ಆದರೂ ಸುಸ್ತು. ನಿಮಗೆ ಶಿಫ್ಟೇ ಮುಗಿಯುವುದಿಲ್ಲ ಮಾರಾಯ್ರೆ, ಸುಸ್ತಾಗದೆ ಏನು?

ಸಂಜೆಯ ಗಲಾಟೆ ಈ ಕಾಯಿಲೆಯಲ್ಲಿ ಬಹಳ ಜನರಿಗೆ ಉಂಟು. ಬೆಳಕು ಕಡಿಮೆಯಾಗುತ್ತದೆ, ದಿನದ ದಣಿವು ಇರುತ್ತದೆ, ಹೊತ್ತಿನ ಲೆಕ್ಕ ತಪ್ಪುತ್ತದೆ. ಕತ್ತಲಾಗುವುದಕ್ಕೆ ಮುಂಚೆ, ಐದಕ್ಕೇ ಎಲ್ಲ ಲೈಟು ಹಾಕಿ, ಕಿಟಕಿ ಪರದೆ ಎಳೆಯಿರಿ. ಟೀವಿ ಸೀರಿಯಲ್ಲಿನ ಕೂಗಾಟ ಆ ಹೊತ್ತಿಗೆ ಬೇಡ. ಮಧ್ಯಾಹ್ನದ ನಿದ್ದೆ ಉದ್ದ ಆಗದ ಹಾಗೆ ನೋಡಿ. ನಾಲ್ಕೂವರೆಗೆ ಏನಾದರೂ ತಿನ್ನಲು ಕೊಡಿ. ಮತ್ತೆ "ಇದೇ ನಿಮ್ಮನೆ" ಅಂತ ವಾದ ಮಾಡಬೇಡಿ. ವಾದದಲ್ಲಿ ಅವರು ಸೋಲುವುದಿಲ್ಲ, ನೀವು ದಣಿಯುತ್ತೀರಿ. "ಬಸ್ಸು ಏಳಕ್ಕಂತೆ, ಅಷ್ಟರಲ್ಲಿ ಒಂದು ಕಾಫಿ ಕುಡಿಯುವ. ಎಮ್ಮೆ ಎಷ್ಟು ಹಾಲು ಕೊಡ್ತದೆ ನಿಮ್ಮದು?" ಅಂತ ಕೇಳಿ ನೋಡಿ. ಅವರಿಗೆ ಬೇಕಾದದ್ದು ಹೊನ್ನಾಳಿ ಅಲ್ಲ, ಒಂದು ಗುರುತಿನ ಮಾತು. ಬಳೆ ಕಳೆದಿದೆ ಅಂದರೆ "ನಾನು ತೆಗೆದಿಲ್ಲ" ಅನ್ನುವ ಬದಲು "ಬನ್ನಿ ಹುಡುಕುವ" ಅನ್ನಿ. ಇದೆಲ್ಲ ದಿನಾ ಫಲಿಸುವುದಿಲ್ಲ. ನಾಲ್ಕು ದಿನದಲ್ಲಿ ಎರಡು ದಿನ ಫಲಿಸಿದರೂ ಆ ಎರಡು ಸಂಜೆ ನಿಮ್ಮದು.

ಇದ್ದಕ್ಕಿದ್ದ ಹಾಗೆ ಗಲಾಟೆ ಒಂದೆರಡು ದಿನದಲ್ಲಿ ಜಾಸ್ತಿಯಾದರೆ ಕಾಯಿಲೆ ಬೆಳೆಯಿತು ಅಂದುಕೊಂಡು ಸುಮ್ಮನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ಇವುಗಳಲ್ಲಿ ಯಾವುದೂ ಆಗಿರಬಹುದು. ಅವರಿಗೆ ಹೇಳಲಿಕ್ಕೆ ಬರುವುದಿಲ್ಲ. ಡಾಕ್ಟರಿಗೆ ತೋರಿಸಿ.

ಈಗ ನಿಮ್ಮ ವಿಷಯ. ಹೌದು, ನೀವು ತೋರಿಸಿಕೊಳ್ಳಬೇಕು. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಸಿಟ್ಟು ತರಿಸುತ್ತದೆ, ದಿನಾ ಅಳು. ಎರಡು ವಾರಕ್ಕಿಂತ ಹೆಚ್ಚು ಹೀಗೆ ಇದ್ದರೆ ಅದು ಬರೀ ಬೇಸರ ಅಲ್ಲ, ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆಯೂ ಇರಬಹುದು. ಜೊತೆಗೆ ಬಿಪಿ, ಥೈರಾಯ್ಡ್, ರಕ್ತಹೀನತೆ ನೋಡಿಸಿ. ನಿಮ್ಮ ವಯಸ್ಸಿಗೆ ಅವೂ ಸೇರಿಕೊಂಡಿರುತ್ತವೆ, ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟುವುದು ಬೇಡ.

ಯಾರಾದರೂ ನೋಡಿದರೆ ಅನ್ನುವ ಹೆದರಿಕೆ ಇದ್ದರೆ ಮೊದಲು ಫೋನ್ ಮಾಡಿ. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯದ ಸಹಾಯವಾಣಿ, 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೇಳಲು ಇಷ್ಟ ಇಲ್ಲದಿದ್ದರೆ ಹೇಳಬೇಡಿ. ನೇರ ಹೋಗುವುದಾದರೆ ನಿಮ್ಮ ಊರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು. ಇದನ್ನು ಓದುವ ಬೇರೆಯವರಿಗೆ: ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ 2014ರಿಂದ ಮಂಗಳವಾರದ ಕ್ಲಿನಿಕ್ ಉಂಟು. ಹೋಗುವ ಮುಂಚೆ ನಿಮ್ಮಲ್ಲಿ ಯಾವ ದಿನ ಅಂತ ಚೀಟಿ ಕೌಂಟರಿನಲ್ಲಿ ಕೇಳಿಕೊಳ್ಳಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. "ಯಾವಾಗ ಮುಗಿಯುತ್ತೆ" ಅನ್ನುವುದು "ನಾನೇ ಇಲ್ಲದಿದ್ದರೆ ಒಳ್ಳೆಯದಿತ್ತು" ಅಂತ ತಿರುಗಿದರೆ, ಅಥವಾ ಕೈ ಎತ್ತುವಷ್ಟು ಸಿಟ್ಟು ಬಂದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ಹೊತ್ತಿಗೆ ಅತ್ತೆಯನ್ನು ಕೂರಿಸಿ, ಗ್ರಿಲ್ ಹಾಕಿ, ಪಕ್ಕದ ಕೋಣೆಗೆ ಬಂದು ಅದೇ ನಂಬರಿಗೆ ಫೋನ್ ಮಾಡಿ, ಯಜಮಾನರನ್ನೂ ಕರೆಸಿ.

ಮಸ್ಕತ್ ಮಗಳು ಬರೆದದ್ದು:

ನಾನು ಈ ಕಥೆಯಲ್ಲಿ ಹೈದರಾಬಾದಿನ ನಾದಿನಿ. ನನ್ನ ಊರು ಶಿರಸಿ, ಇರೋದು ಮಸ್ಕತ್. ಅಪ್ಪನನ್ನು ನೋಡಿಕೊಳ್ತಿರೋದು ಅಣ್ಣ ಅತ್ತಿಗೆ.

ದೂರ ಇರೋರ ಕಡೆಯಿಂದ ಒಂದು ಮಾತು. ಫೋನಿನಲ್ಲಿ ಅಪ್ಪ ಚೆನ್ನಾಗಿ ಮಾತಾಡಿದಾಗ ನಂಬಿಬಿಡ್ತೇವೆ, ಯಾಕಂದ್ರೆ ನಂಬೋದು ನಮಗೆ ಬೇಕಾಗಿರ್ತದೆ. ಅಪ್ಪ ಸರಿ ಇಲ್ಲ ಅಂತ ಒಪ್ಪಿದ ಮರುಕ್ಷಣ ನಾನು ಟಿಕೆಟ್ ಬುಕ್ ಮಾಡಬೇಕು. ಅತ್ತಿಗೆ ಉತ್ಪ್ರೇಕ್ಷೆ ಮಾಡ್ತಾರೆ ಅಂದುಕೊಂಡರೆ ಟಿಕೆಟ್ ಉಳೀತದೆ. ಈಗ ಬರೆಯೋವಾಗ ಇದು ಸ್ಪಷ್ಟ ಇದೆ, ಆಗ ಇರಲಿಲ್ಲ.

ನನ್ನ ಅತ್ತಿಗೆ ಜಗಳ ಮಾಡಲಿಲ್ಲ. ಒಂದು ಸಂಜೆ ವಿಡಿಯೋ ಕಾಲ್ ಮಾಡಿ, ಫೋನನ್ನ ಟೀವಿ ಸ್ಟ್ಯಾಂಡಿನ ಮೇಲೆ ಒರಗಿಸಿಟ್ಟು, "ನೋಡ್ತಾ ಇರು, ನಾನು ಒಲೆ ಮುಂದೆ ಹೋಗ್ತೆ" ಅಂತ ಹೋದರು. ಮುಕ್ಕಾಲು ಗಂಟೆ ನೋಡಿದೆ. ಅಪ್ಪ ಗೋಡೆಯ ಕ್ಯಾಲೆಂಡರ್ ಜೊತೆ ಅಡಿಕೆ ರೇಟು ಮಾತಾಡಿದರು, ಪಂಚೆ ಬಿಚ್ಚಿ ಮಡಚಿಟ್ಟರು, ಅತ್ತಿಗೆ ಬಂದು ಉಡಿಸಿದರು, ಮತ್ತೆ ಬಿಚ್ಚಿದರು. ಅಷ್ಟೇ. ಆ ವರ್ಷ ರಜೆಗೆ ಬಂದಾಗ ಗಂಡ ಮಕ್ಕಳನ್ನು ಅವರ ಊರಿಗೆ ಕಳಿಸಿ ನಾನು ಶಿರಸಿಯಲ್ಲಿ ಉಳಿದೆ, ಅಣ್ಣ ಅತ್ತಿಗೆಯನ್ನು ಅವರ ತವರಿಗೆ ಅಟ್ಟಿದೆ. ಅತ್ತಿಗೆ ಹೋಗೋಕೆ ಒಪ್ಪಲಿಲ್ಲ, "ನಿಂಗೆ ಆಗ್ತಿಲ್ಲೆ" ಅಂದರು. ನಿಜ, ನನಗೆ ಆಗಲಿಲ್ಲ. ಆದರೂ ದಿನ ಕಳೀತು, ಅಪ್ಪನಿಗೆ ಏನೂ ಆಗಲಿಲ್ಲ.

ನಿಮ್ಮ ನಾದಿನಿಗೂ ಹಾಗೇ ಸಂಜೆ ಹೊತ್ತಿನ ಕಾಲ್ ಮಾಡಿ. ಭಾನುವಾರ ಬೆಳಿಗ್ಗೆ ಅಲ್ಲ. ಒಂದು ಕೇಳಿಕೆ, ವಿಡಿಯೋ ರೆಕಾರ್ಡ್ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅತ್ತೆಯ ಮರ್ಯಾದೆ ಅದು, ಮೊಮ್ಮಕ್ಕಳೆಲ್ಲ ನೋಡೋದಲ್ಲ. ನಾದಿನಿಗೆ ಒಬ್ಬರಿಗೆ ಸಾಕು. ಮತ್ತೆ "ಯಾವಾಗ ಬರ್ತೀರಿ" ಅಂತ ಕೇಳಬೇಡಿ, ನೀವೇ ತಾರೀಖು ಹೇಳಿ. ತಾರೀಖು ಕೊಟ್ಟರೆ ನಮಗೆ ಜಾರಿಕೊಳ್ಳೋದು ಕಷ್ಟ!

ಹಳೇ ಮೈಸೂರ ಹುಡುಗ ಬರೆದದ್ದು:

ಧಾರವಾಡದ ಅಕ್ಕ, ಸರಿ. ಆ ಮನೇಲಿ ಹದಿನೇಳು ಜನ ಇದ್ರಂತೆ. ಅಮ್ಮನ್ನ ಕೇಳ್ದೆ ಈಗ.

ದಾವಣಗೆರೆ ಟೀಚರ್ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರ ಬರೆಯೋಕೆ ತಡವಾಯ್ತು.

ಮೈಸೂರಿನ ಸಾರ್ ಹೇಳಿದ ಫಾರಂ ವಿಷಯ ಓದಿ ಅಡುಗೆಮನೇಲಿ ಒಬ್ಬಳೇ ನಕ್ಕೆ. 14416ಕ್ಕೆ ಮಾಡಿದೆ, ಮಹಡಿ ಮೇಲೆ ಬಟ್ಟೆ ಹರವೋ ನೆಪದಲ್ಲಿ. ಹುಡುಗಿ ದನಿ. ಅತ್ತೆ ವಿಷಯ ಹೇಳೋಕೆ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿ, "ಮೇಡಂ, ನೀವು ಊಟ ಎಷ್ಟು ಹೊತ್ತಿಗೆ ಮಾಡ್ತೀರ, ಎಷ್ಟು ಗಂಟೆ ಮಲಗ್ತೀರ?" ಅಂದಳು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಡಾಕ್ಟ್ರನ್ನ ನೋಡೋದು ಒಳ್ಳೇದು ಅಂದಳು. ಹೋಗ್ತೀನಿ. ಯಜಮಾನ್ರಿಗೆ ಬಿಪಿ ತೋರಿಸೋಕೆ ಅಂತ ಹೇಳಿದೀನಿ, ಪೂರ್ತಿ ಹೇಳೋ ಧೈರ್ಯ ಇನ್ನೂ ಬಂದಿಲ್ಲ.

ಬಸ್ಸು ಏಳಕ್ಕೆ ಅಂತ ಹೇಳಿ ನೋಡಿದೆ ಸಿಸ್ಟರ್. ಮೊದಲ ದಿನ "ಏಳಕ್ಕೆ ಯಾವ ಬಸ್ಸೂ ಇಲ್ಲ, ನನಗೆ ಗೊತ್ತಿಲ್ವಾ" ಅಂದುಬಿಟ್ಟರು. ಇನ್ನೊಂದು ದಿನ ಎಮ್ಮೆ ಬಗ್ಗೆ ಕೇಳಿದೆ. ಅದರ ಹೆಸರು ಗೌರಿಯಂತೆ, ಒದೆಯೋ ಎಮ್ಮೆಯಂತೆ, ಅವರ ಅಪ್ಪನಿಗೆ ಬಿಟ್ಟು ಬೇರೆ ಯಾರಿಗೂ ಕರೆಯೋಕೆ ಬಿಡ್ತಿರಲಿಲ್ಲವಂತೆ. ಇಷ್ಟು ವರ್ಷದಲ್ಲಿ ನನಗಿದು ಗೊತ್ತೇ ಇರಲಿಲ್ಲ. ಗಂಟು ಕಟ್ಟಿದರು, ಆದರೆ ಗ್ರಿಲ್ ಹತ್ತಿರ ಹೋಗಲಿಲ್ಲ.

ಯಜಮಾನ್ರು ಅಂಗಡಿ ರಜೆ ದಿನ ಸಂಜೆ ಕೂತರು. ನಾನು ಏರಿ ಮೇಲೆ ಹೋದೆ. ಬಂದಾಗ ಮುಖ ಸಪ್ಪಗೆ ಮಾಡ್ಕೊಂಡು ಕೂತಿದ್ದರು, ಏನಾಯ್ತು ಅಂದರೆ "ಅಮ್ಮ ನನ್ನ ಯಾರು ಅಂದಳು" ಅಂತ ಅಷ್ಟೇ ಹೇಳಿದ್ದು. ನನಗೆ ಪಾಪ ಅನ್ನಿಸ್ತು, ಸ್ವಲ್ಪ ಸಮಾಧಾನವೂ ಆಯ್ತು, ಎರಡೂ ಬರೀತಿದೀನಿ. ನಾದಿನಿಗೆ ಸಂಜೆ ಕಾಲ್ ಮಾಡಿ ತೋರಿಸಿದೆ. ಅತ್ತರು. ದಸರಾ ರಜೆಗೆ ಬನ್ನಿ, ನಾನು ತಂಗಿ ಮನೆಗೆ ಹೋಗ್ತೀನಿ ಅಂತ ತಾರೀಖು ಹೇಳಿದೆ. "ನೋಡ್ತೀನಿ ಅತ್ತಿಗೆ" ಅಂದಿದ್ದಾರೆ. ನೋಡೋಣ.

ಎರಡು ಪ್ರಶ್ನೆ ಉಳಿದಿದೆ. ಹಗಲು ಬಿಟ್ಟು ಸಂಜೆ ಕರ್ಕೊಂಡು ಬರೋ ಥರದ ಜಾಗ ನಮ್ಮ ಕಡೆ ಸಿಗುತ್ತಾ? ಇನ್ನೊಂದು, ರಾತ್ರಿ ಚಿಲಕದ್ದು. ಅದೊಂದು ಸರಿ ಹೋದರೆ ನಿದ್ದೆಯಾದರೂ ಬರುತ್ತೆ.

ಮೈಸೂರು ನಿವೃತ್ತ ಬರೆದದ್ದು:

ಡೇ ಕೇರ್ ಬೆಂಗಳೂರಿನಲ್ಲಿ ಇದೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರ ಕೇಂದ್ರ ಈ ಕಾಯಿಲೆಗೆಂದೇ ಇರುವುದು. ಅಲ್ಜೈಮರ್ ಸೊಸೈಟಿ ಅನ್ನುವ, 1992ರಲ್ಲಿ ಕೇರಳದಲ್ಲಿ ಶುರುವಾದ ಸಂಸ್ಥೆಗೂ ಬೆಂಗಳೂರು ಶಾಖೆ ಇದೆ. ಉಳಿದ ಊರುಗಳ ಸ್ಥಿತಿ ನಿಮಗೇ ಗೊತ್ತು. ಹಿರಿಯರ ಸಹಾಯವಾಣಿ 14567ಕ್ಕೆ ಹಗಲು ಹೊತ್ತಿನಲ್ಲಿ ಮಾಡಿ, ನಿಮ್ಮ ಜಿಲ್ಲೆಯಲ್ಲಿ ಏನಿದೆ ಅಂತ ಕೇಳಿ. ಏನೂ ಸಿಗದಿದ್ದರೆ ನಾನು ಮೊದಲು ಹೇಳಿದ್ದೇ: ಐದರಿಂದ ಎಂಟಕ್ಕೆ ಒಬ್ಬ ಹೆಂಗಸು. ಅಡುಗೆಗೆ, ಪಾತ್ರೆಗೆ ಅಲ್ಲ, ಅತ್ತೆಯ ಜೊತೆ ಕೂರುವುದಕ್ಕೆ. ಅಡುಗೆ ನೀವೇ ಮಾಡಿ, ಅದು ಸುಲಭ.

ಉಡುಪಿ ಸಿಸ್ಟರ್ ಬರೆದದ್ದು:

ಚಿಲಕಕ್ಕೆ: ಈಗಿರುವ ಎತ್ತರದಲ್ಲಿ ಬೇಡ. ಕೈಗೆ ಸಿಗದಷ್ಟು ಮೇಲೆ ಅಥವಾ ಬಾಗಿಲ ಬುಡದಲ್ಲಿ ಹಾಕಿಸಿ. ಅವರು ಹುಡುಕುವುದು ರೂಢಿಯ ಜಾಗದಲ್ಲಿ. ಬಾಗಿಲಿಗೆ ಗೋಡೆಯ ಬಣ್ಣದ್ದೇ ಒಂದು ಪರದೆ ಬಿಟ್ಟರೆ ಕೆಲವರಿಗೆ ಅದು ಬಾಗಿಲು ಅಂತ ಅನಿಸುವುದಿಲ್ಲ. ಅತ್ತೆಯ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಇರಲಿ, ಎಷ್ಟೋ ಸಲ ಎದ್ದದ್ದು ಮೂತ್ರಕ್ಕೆ, ದಾರಿ ಸಿಗದೆ ಬಾಗಿಲಿಗೆ ಬರುವುದು. ಒಂದು ಚೀಟಿಯಲ್ಲಿ ನಿಮ್ಮ ಫೋನ್ ನಂಬರು ಬರೆದು, ಲ್ಯಾಮಿನೇಟ್ ಮಾಡಿಸಿ ತಾಳಿ ಸರದ ಹಾಗೆ ಕೊರಳಿಗೆ ಹಾಕಿ, ಅಥವಾ ರವಿಕೆಗೆ ಹೊಲಿಯಿರಿ. ಹೊರಗಿನಿಂದ ಬೀಗ ಹಾಕಿ ಅವರನ್ನು ಒಬ್ಬರನ್ನೇ ಬಿಟ್ಟು ಮಾತ್ರ ಎಲ್ಲಿಗೂ ಹೋಗಬೇಡಿ, ಬೆಂಕಿ ಹತ್ತಿದರೆ ತೆಗೆಯುವವರಿಲ್ಲ.

ಬಾಗಿಲಿಗೆ ಗಂಟೆ ಕಟ್ಟಿ. ಬಾಗಿಲು ತೆರೆದರೆ ಕೂಗುವ ಬ್ಯಾಟರಿಯ ಬಜರ್ ಕೂಡ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮ ಯಜಮಾನರಿಗೇ ಗೊತ್ತಿರಬೇಕು. ಗಂಟೆ ಆದ ಮೇಲೆ ಕಿವಿಯಿಟ್ಟು ಮಲಗುವ ಕೆಲಸ ನಿಮ್ಮದಲ್ಲ. ಗಂಟೆ ಹೊಡೆದರೆ ಏಳಬೇಕಾದವರು ಯಾರು ಅನ್ನುವುದನ್ನು ವಾರಕ್ಕೆ ಮೂರು ರಾತ್ರಿ ಯಜಮಾನರ ಹೆಸರಿಗೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಆ ಮೂರು ರಾತ್ರಿ ನೀವು ಒಳಗಿನ ಕೋಣೆಯಲ್ಲಿ ಮಲಗಿ, ಬಾಗಿಲು ಹಾಕಿಕೊಂಡು.